ಗಿಡ್ಡ ತುಂಡಿನ ಮೇಲಿದ್ದ ನಂಬರು

ಇದನ್ನು ಬರೆಯಲು ಹಿಂದೆ ಎರಡು ಸಲ ಕೂತಿದ್ದೆ. ಎರಡು ಸಲವೂ ‘ನನ್ನಿಂದ ಮಾಡಿಸಿದರು’ ಎಂಬ ಮಾತಿನಿಂದ ಶುರುವಾಯಿತು, ಹರಿದು ಹಾಕಿದೆ. ನನ್ನಿಂದ ಯಾರೂ ಮಾಡಿಸಲಿಲ್ಲ. ನಾನು ಮಾಡಿದೆ.

ಅಹಮದಾಬಾದಿನಲ್ಲಿ ಔಷಧ ಕಂಪನಿಗಳ ಮತ್ತು ಆಪರೇಷನ್ನಿನ ಸಾಮಾನು ತಯಾರಿಸುವ ಕಂಪನಿಗಳ ಪರವಾಗಿ ಕೇಸು ನಡೆಸುವ ವಕೀಲರೊಬ್ಬರಿದ್ದರು. ನಾನು ಅವರ ಗುಮಾಸ್ತ. ಕುಂದಾಪುರದ ಕಡೆಯ ಹೈಸ್ಕೂಲಿನ ಓದು, ಟೈಪಿಂಗ್ ಪರೀಕ್ಷೆ, ಊರವರ ಹೋಟೆಲಿನಲ್ಲಿ ನಿಂತು ಕಲಿತ ಗುಜರಾತಿ, ಇಷ್ಟೇ ನನ್ನ ಬಂಡವಾಳ. ವಕೀಲರು ಹೊಸ ಕಕ್ಷಿದಾರರ ಮುಂದೆ ನನ್ನನ್ನು ತೋರಿಸಿ, “ಮಾತು ನನ್ನದು, ಕಾಗದ ಇವನದು” ಎನ್ನುತ್ತಿದ್ದರು. ಆ ಮಾತು ಕೇಳಿದ ದಿನ ನನಗೆ ಊಟ ಹೆಚ್ಚು ಸೇರುತ್ತಿತ್ತು.

ಗುಜರಾತಿನ ದೊಡ್ಡ ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ಸೂರತ್ತಿನ ವರಾಛಾದಲ್ಲಿ ವಜ್ರ ಸಾಣೆ ಹಿಡಿಯುವ ಒಬ್ಬ ಕೆಲಸಗಾರ, ನಮ್ಮ ಕಕ್ಷಿದಾರರಾದ ವಡೋದರಾದ ಒಂದು ಕಂಪನಿಯ ಮೇಲೆ ಗ್ರಾಹಕ ಪೀಠಕ್ಕೆ ದೂರು ಕೊಟ್ಟಿದ್ದ. ಸ್ಕೂಟರಿನಿಂದ ಬಿದ್ದು ಅವನ ತೊಡೆಯ ಮೂಳೆ ಮುರಿದಿತ್ತು. ಒಂದು ಸಣ್ಣ ಆಸ್ಪತ್ರೆಯಲ್ಲಿ ಎಂಟು ತೂತಿನ ಉಕ್ಕಿನ ಪಟ್ಟಿ ಕೂರಿಸಿ ಸ್ಕ್ರೂ ಹಾಕಿದರು. ಮೂಳೆ ಕೂಡುವ ಮೊದಲೇ ಪಟ್ಟಿ ಒಳಗೇ ಎರಡು ತುಂಡಾಯಿತು. ತೆಗೆದರು, ಮೂಳೆ ವಾರೆಯಾಗಿ ಕೂಡಿತು, ಮಂಡಿ ಮಡಚದಾಯಿತು. ಸಾಣೆಯ ಚಕ್ರಕ್ಕೆ ಅಲ್ಲಿ ಘಂಟಿ ಎನ್ನುತ್ತಾರೆ. ಅದರ ಸುತ್ತ ನಾಲ್ಕು ಜನ ನೆಲದ ಮೇಲೆ ಕಾಲು ಮಡಚಿ ಕೂರಬೇಕು. ಕಾಲು ಮಡಚದವನಿಗೆ ಘಂಟಿಯಲ್ಲಿ ಜಾಗವಿಲ್ಲ. ಮೂಳೆಯನ್ನು ಮತ್ತೆ ಮುರಿದು ನೆಟ್ಟಗೆ ಕೂಡಿಸಿದರೆ ಮಂಡಿ ಮಡಚಬಹುದು, ಆದರೆ ಎರಡು ವರ್ಷದೊಳಗೆ ಮಾಡಿಸಬೇಕು ಎಂದು ದೊಡ್ಡಾಸ್ಪತ್ರೆಯವರು ಹೇಳಿದ್ದರು. ಆ ಆಪರೇಷನ್ನಿಗಾಗಿಯೇ ಈ ದೂರು. ವಕೀಲರನ್ನಿಡದೆ ತಾನೇ ಗುಜರಾತಿಯಲ್ಲಿ ಬರೆದಿದ್ದ.

ನಮ್ಮ ಉತ್ತರ ಒಂದೇ ಸಾಲಿನದು: ಈ ಪಟ್ಟಿ ನಮ್ಮದಲ್ಲ. ಇಂಥ ಪಟ್ಟಿಗಳು ಒಂದೊಂದೇ ಡಬ್ಬಿಯಲ್ಲಿ ಬರುವುದಿಲ್ಲ. ಬೇರೆ ಬೇರೆ ಕಂಪನಿಯವು ಒಂದೇ ತಟ್ಟೆಯಲ್ಲಿ ಬೆರೆತಿರುತ್ತವೆ. ಆಸ್ಪತ್ರೆಯವರು ಬೇಕಾದ ಅಳತೆಯದನ್ನು ಆರಿಸಿ, ಕ್ರಿಮಿ ಸಾಯುವಂತೆ ಬೇಯಿಸಿ, ಹಾಕುತ್ತಾರೆ. ಚೀಟಿ ಇಲ್ಲ, ಬಿಲ್ಲಿನಲ್ಲಿ ಕಂಪನಿಯ ಹೆಸರಿಲ್ಲ. ಯಾರದೆಂದು ಹೇಳುವುದು ಪಟ್ಟಿಯ ಒಂದು ತುದಿಯಲ್ಲಿ ಕೂದಲಿನಷ್ಟು ಸಣ್ಣಗೆ ಕೆತ್ತಿದ ಕಂಪನಿಯ ಗುರುತು ಮತ್ತು ಒಂದೇ ಸಲ ತಯಾರಾದ ಮಾಲಿಗೆಲ್ಲ ಕೊಡುವ ಲಾಟ್ ನಂಬರು ಮಾತ್ರ. ನಂಬರನ್ನು ಅವನು ದೂರಿನಲ್ಲಿ ಬರೆದಿದ್ದ. ವಜ್ರ ನೋಡುವ ಭೂತಗನ್ನಡಿಯಲ್ಲಿ ಓದಿದ್ದನಂತೆ.

ಉತ್ತರ ತಯಾರಿಸುವ ಮೊದಲು ವಕೀಲರು ನನ್ನನ್ನು ವಡೋದರಾದ ಕಾರ್ಖಾನೆಗೆ ಕಳಿಸಿದರು. ಗುಣಮಟ್ಟ ವಿಭಾಗದಲ್ಲಿ ಗದಗಿನ ಕಡೆಯ ಒಬ್ಬ ಇಂಜಿನಿಯರ್ ಇದ್ದ. ಮೂರು ಜನ ಸೇರಿ ಬಾಡಿಗೆಗೆ ಹಿಡಿದ ಫ್ಲ್ಯಾಟಿನಲ್ಲಿ ವಾಸ. ಕನ್ನಡ ಮಾತಾಡಿ ತಿಂಗಳಾಯಿತು ಎಂದ. ನನ್ನ ಕುಂದಾಪುರದ ಕನ್ನಡ ಕೇಳಿ ನಕ್ಕ, ಅವನದನ್ನು ಕೇಳಿ ನಾನೂ ನಕ್ಕೆ. ಚಹಾ ತರಿಸಿದ. ಆಮೇಲೆ ನಾನು ಕೇಳದಿದ್ದರೂ ಬೀರು ತೆರೆದು, ವಾಪಸು ಬಂದ ಮಾಲಿನ ರಿಜಿಸ್ಟರನ್ನು ನನ್ನ ಮುಂದಿಟ್ಟ. ಅದೇ ಲಾಟ್ ನಂಬರು ಮೂರು ಕಡೆ ಇತ್ತು. ಮೂರೂ ಮುರಿದವು, ಬೇರೆ ಬೇರೆ ಊರಿನವು.

“ಉಕ್ಕಿನ್ಯಾಗ ಕಸ ಐತ್ರಿ ಕಾಕಾ,” ಎಂದ. “ಬರೇ ಏನೇನು ಬೆರಕಿ ಅದ ಅಂತ ನೋಡಿದ್ರ ಪಾಸ್ ಆಕ್ಕೈತಿ. ಮುರಿದ ಜಾಗಾದ ಮಾರಿ ಸೂಕ್ಷ್ಮದರ್ಶಕದಾಗ ಹಿಡಿದ್ರ ಗೊತ್ತಾಕ್ಕೈತಿ. ನಾ ಬರದ್ ಕೊಟ್ಟೇನಿ, ಮ್ಯಾಲಿನವ್ರು ಕೇಳ್ಲಿಲ್ಲ. ನಿಮ್ಮ ವಕೀಲರಿಗರ ಹೇಳ್ರಿ, ಆ ಮನಷ್ಯಾಗ ಏನರ ಕೊಟ್ಟು ಮುಗಸಾಕ.”

ಹೇಳುತ್ತೇನೆ ಎಂದೆ. ಹೇಳಿದೆ ಕೂಡ. ವಕೀಲರು ಪೂರಾ ಕೇಳಿಸಿಕೊಂಡು, ಆ ರಿಜಿಸ್ಟರನ್ನು ಯಾರೂ ನಮ್ಮಿಂದ ಕೇಳಿಲ್ಲವಲ್ಲ ಎಂದಷ್ಟೇ ಕೇಳಿದರು. ಇಲ್ಲ ಎಂದೆ. ಹಾಗಾದರೆ ನೀನು ಅಲ್ಲಿ ಚಹಾ ಕುಡಿದೆ, ಅಷ್ಟೇ ಎಂದರು. ಇಬ್ಬರೂ ನಕ್ಕೆವು. ಆ ನಗು ನನ್ನದೂ ಹೌದು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಪೀಠ ಪಟ್ಟಿಯನ್ನು ಪರೀಕ್ಷೆಗೆ ಕಳಿಸಲು ಆಜ್ಞೆ ಮಾಡಿತು. ಕಾನೂನಿನ ಪ್ರಕಾರ ವಸ್ತುವಿನ ಯಾದಿ ಮಾಡಿ, ಕಟ್ಟಿ, ಅರಗಿನ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುವುದು ಪೀಠದ ಕಚೇರಿಯ ಕೆಲಸ. ನಡೆಯುತ್ತಿದ್ದುದು ಬೇರೆ. ಬಟ್ಟೆ, ದಾರ, ಅರಗು, ಮೇಣದಬತ್ತಿ ಎಲ್ಲವನ್ನೂ ವಕೀಲರ ಗುಮಾಸ್ತ ಒಯ್ಯುತ್ತಾನೆ. ವಸ್ತುವಿನ ಯಾದಿಯನ್ನೂ ಪ್ರಯೋಗಾಲಯಕ್ಕೆ ಬರೆಯುವ ಪತ್ರವನ್ನೂ ಅವನೇ ಟೈಪ್ ಮಾಡಿ ತರುತ್ತಾನೆ. ಕಚೇರಿಯ ಕಾರಕೂನ ಹಿತ್ತಾಳೆ ಮೊಹರು ಒತ್ತಿ ಸಹಿ ಹಾಕುತ್ತಾನೆ. ಇದರಲ್ಲಿ ಲಂಚವಿಲ್ಲ, ಗುಟ್ಟಿಲ್ಲ. ಕಚೇರಿಯಲ್ಲಿ ಜನ ಕಡಿಮೆ, ಗುಮಾಸ್ತರು ಕೆಲಸ ಬಲ್ಲವರು, ಅಷ್ಟೇ. ಎಲ್ಲ ಕಡೆಯ ಗುಮಾಸ್ತರೂ ಹೀಗೆಯೇ ಮಾಡುತ್ತಿದ್ದರು.

ಹೊರಡುವ ಹಿಂದಿನ ದಿನ ವಕೀಲರು ಎರಡು ಮಾತು ಹೇಳಿದರು. ಪರೀಕ್ಷೆ ಉಕ್ಕಿನಲ್ಲಿ ಏನೇನು ಬೆರೆತಿದೆ ಎಂಬುದರದು ಮಾತ್ರ ಎಂದು ಪತ್ರದಲ್ಲಿರಲಿ. ಯಾದಿ ಚಿಕ್ಕದಿರಲಿ. ಅಷ್ಟು ಹೇಳಿ ಬೇರೆ ಕಡತ ತೆಗೆದರು. ಉಳಿದದ್ದು ನನ್ನ ಬುದ್ಧಿ.

ಬೆರಕೆ ನೋಡುವುದೆಂದರೆ ಒಂದು ತುಂಡನ್ನು ಕೊಯ್ದು, ಮೇಲ್ಮೈ ನುಣ್ಣಗೆ ತೇಯ್ದು, ಅದರ ಮೇಲೆ ಕಿಡಿ ಹಾರಿಸಿ ನೋಡುವುದು. ತೇಯ್ದ ತುಂಡಿನ ಮೇಲೆ ಏನು ಬರೆದಿದ್ದರೂ ಉಳಿಯುವುದಿಲ್ಲ. ಹಿಂದಿನ ಕೇಸುಗಳಿಂದ ನನಗೆ ಇದು ಗೊತ್ತಿತ್ತು. ಪಟ್ಟಿ ಸಮನಾಗಿ ಮುರಿದಿರಲಿಲ್ಲ. ಮೂರು ತೂತಿನ ಗಿಡ್ಡ ತುಂಡು, ಐದು ತೂತಿನ ಉದ್ದ ತುಂಡು. ದೂರಿನ ಜೊತೆಗಿದ್ದ ದೂರುದಾರ ತಾನೇ ಬಿಡಿಸಿದ ಚಿತ್ರದಲ್ಲಿ ನಂಬರು ಗಿಡ್ಡದರ ತುದಿಯಲ್ಲಿತ್ತು. ನಾನು ಪತ್ರದಲ್ಲಿ ಹೀಗೆ ಟೈಪ್ ಮಾಡಿದೆ: ಪರೀಕ್ಷೆಯನ್ನು ಗಿಡ್ಡ ತುಂಡಿನ ಮೇಲೆ ಮಾಡತಕ್ಕದ್ದು, ಉದ್ದ ತುಂಡನ್ನು ಮುಂದಿನ ಅಗತ್ಯಕ್ಕಾಗಿ ಹಾಗೇ ಕಾಪಾಡತಕ್ಕದ್ದು. ಓದಿದವರಿಗೆ ಎಷ್ಟು ನ್ಯಾಯವಾಗಿ ಕಾಣುತ್ತದೆ ನೋಡಿ. ದೊಡ್ಡದನ್ನು ಉಳಿಸಿ ಚಿಕ್ಕದನ್ನು ಹಾಳುಮಾಡುವುದು ಯಾರಿಗೆ ತಪ್ಪೆನಿಸುತ್ತದೆ? ವಕೀಲರು ಓದಿ, ತಲೆ ಎತ್ತಿ ನನ್ನನ್ನು ಒಂದು ಕ್ಷಣ ನೋಡಿ, ಸಹಿ ಜಾಗಕ್ಕೆ ಗುರುತು ಹಾಕಿ ಕೊಟ್ಟರು. ಆ ನೋಟವನ್ನು ನಾನು ಬಹುಮಾನದಂತೆ ಇಟ್ಟುಕೊಂಡು ಬೆಳಗಿನ ರೈಲು ಹತ್ತಿದೆ.

ಸೂರತ್ತಿನ ಪೀಠದ ಕಚೇರಿಯಲ್ಲಿ ದೂರುದಾರ ಹೆಂಡತಿಯ ಜೊತೆ ಮೊದಲೇ ಬಂದು ಕೂತಿದ್ದ. ಕಾಠಿಯಾವಾಡದ ಕಡೆಯವನು, ಮೂವತ್ತರ ಆಸುಪಾಸು. ಎಡಗಾಲು ಬೆಂಚಿನಿಂದ ನೇರ ಹೊರಗೆ ಚಾಚಿತ್ತು. ಹೋಗಿ ಬರುವವರು ದಾಟಿ ನಡೆಯುತ್ತಿದ್ದರು, ಪ್ರತಿಯೊಬ್ಬರಿಗೂ ಕ್ಷಮೆ ಕೇಳುತ್ತಿದ್ದ. ಪಟ್ಟಿಯನ್ನು ಹೆಂಡತಿ ಸೆರಗಿನಲ್ಲಿ ಗಂಟು ಹಾಕಿ ತಂದಿದ್ದಳು.

ಕಾರಕೂನ ನನ್ನನ್ನು ಕಂಡವನೇ, “ಬಾರಪ್ಪ ಮದ್ರಾಸಿ. ಇಡ್ಲಿ ತಂದೆಯೋ, ಬರೀ ಅರಗೋ?” ಎಂದ. ನಾನು ಅರಗೇ ಇಡ್ಲಿಗಿಂತ ಮೆತ್ತಗಿದೆ ಎಂದೆ. ಗಂಡ ನಕ್ಕ, ಅಂದಿನಿಂದ ನನ್ನನ್ನು ಅಣ್ಣಾ ಎಂದು ಕರೆದ. ಹೆಂಡತಿ ನಗಲಿಲ್ಲ.

“ಕಾಗದ ಬೇಕಾದರೆ ಕೊಡು,” ಎಂದಳು ಗಂಡನಿಗೆ. “ಇದನ್ನು ಕೊಡಬೇಡ. ಎದುರಿನವರ ಮನುಷ್ಯ ಕಟ್ಟುತ್ತಿದ್ದಾನೆ. ನಮ್ಮ ವಸ್ತುವನ್ನು ಅವರ ಮನುಷ್ಯ ಯಾಕೆ ಕಟ್ಟಬೇಕು?”

ಇಡೀ ಕೇಸಿನಲ್ಲಿ ಬೇರೆ ಯಾರೂ ಕೇಳದ ಸರಿಯಾದ ಪ್ರಶ್ನೆ ಅದು. ಕಾರಕೂನ ಗಡಿಯಾರ ನೋಡಿದ. ನಾನು ಮುಂದೆ ಬಂದು, ಅಲ್ಲಿನ ರೂಢಿಯಂತೆ ತಂಗಿ ಎಂದು ಕರೆದು ಹೇಳಿದೆ: “ಬೆನ್, ಇದು ಸರ್ಕಾರದ ಮೊಹರಿನೊಳಗೆ ಹೋಗುತ್ತದೆ. ನಿಮ್ಮ ಸೆರಗಿಗಿಂತ ಭದ್ರ. ನಾನೂ ಹೆಣ್ಣುಮಕ್ಕಳಿರುವವನು.”

ಹೆಣ್ಣುಮಕ್ಕಳಿಗೂ ಅರಗಿಗೂ ಏನು ಸಂಬಂಧವೋ ನನಗೆ ಈಗಲೂ ತಿಳಿಯದು. ಆದರೆ ಗಂಡ ಹೆಂಡತಿಗೆ ಗದರಿಸಿ, ತಿಳಿದವರ ಮುಂದೆ ಮಾತಾಡಬೇಡ ಎಂದ. ಅವಳು ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು.

ತುಂಡುಗಳನ್ನು ನಾನು ಕೈಗೆತ್ತಿಕೊಂಡೆ. ಅವನು ಜೇಬಿನಿಂದ ಭೂತಗನ್ನಡಿ ತೆಗೆದು ಕೊಟ್ಟು, ನೋಡಿ ಅಣ್ಣಾ ಎಂದ. ಬೇಡವೆನ್ನಲು ಕಾರಣವಿರಲಿಲ್ಲ. ಕಣ್ಣಿಗೆ ಹಿಡಿದು ನೋಡಿದೆ. ಕಂಪನಿಯ ಗುರುತು, ಪಕ್ಕದಲ್ಲಿ ಲಾಟ್ ನಂಬರು. ವಡೋದರಾದ ರಿಜಿಸ್ಟರಿನಲ್ಲಿ ಕಂಡ ಅದೇ ನಂಬರು. ಪತ್ರವನ್ನು ಹಿಂದಕ್ಕೆ ತೆಗೆದುಕೊಂಡು, ತುಂಡು ತಪ್ಪಾಗಿ ಟೈಪಾಗಿದೆ ಎನ್ನಲು ಅದು ಕೊನೆಯ ಹೊತ್ತು. ಕಾರಕೂನನ ಮೇಜಿನ ಮೇಲೆ ಟೈಪ್‌ರೈಟರ್ ಇತ್ತು. ಐದು ನಿಮಿಷದ ಕೆಲಸ. ನಾನು ಕನ್ನಡಿ ವಾಪಸು ಕೊಟ್ಟು, ಬಟ್ಟೆ ಸುತ್ತಿದೆ.

ಯಾದಿಯಲ್ಲಿ ಬರೆದಿದ್ದುದು ಇಷ್ಟು: ಉಕ್ಕಿನ ಪಟ್ಟಿ ಒಂದು, ಎರಡು ತುಂಡು. ಇಂಗ್ಲಿಷಿನಲ್ಲಿತ್ತು. ಸಹಿ ಮಾಡುವ ಮೊದಲು ಅವನು ಕೇಳಿದ: “ನಂಬರು ಬರೆದಿದ್ದೀರಾ ಅಣ್ಣಾ? ಬರಾಬರ್ ಛೇ ನೇ?”

“ಬರಾಬರ್ ಛೇ,” ಎಂದೆ. ಎಲ್ಲ ಸರಿಯಾಗಿದೆ.

ಎರಡು ತಿಂಗಳ ಮೇಲೆ ವರದಿ ಬಂತು. ಉಕ್ಕಿನ ಬೆರಕೆ ನಿಯಮಕ್ಕೆ ಸರಿಯಾಗಿದೆ. ಗಿಡ್ಡ ತುಂಡು ಪರೀಕ್ಷೆಯಲ್ಲಿ ಬಳಕೆಯಾಗಿದೆ. ಉದ್ದ ತುಂಡನ್ನು ಹಾಗೇ ಹಿಂದಿರುಗಿಸಲಾಗಿದೆ. ಪ್ರಯೋಗಾಲಯದವರು ಕೇಳಿದ್ದನ್ನು ಮಾತ್ರ ಹೇಳಿದ್ದರು, ಅದರಲ್ಲಿ ಅವರ ತಪ್ಪಿಲ್ಲ. ವರದಿಯ ಪ್ರತಿ ವಡೋದರಾಕ್ಕೂ ಹೋಯಿತು. ಇಂಜಿನಿಯರ್ ಫೋನ್ ಮಾಡಿದ. ನಂಬರು ಇದ್ದ ತುದಿಯನ್ನೇ ಯಾಕೆ ಕೊಯ್ಸಿದರು ಎಂದು ಕೇಳಿದ. ಪ್ರಯೋಗಾಲಯದವರು ಆರಿಸಿಕೊಂಡಿದ್ದು ಎಂದೆ. ಅವನು, “ನೀವ ಟೈಪ್ ಮಾಡಿದ ಪತ್ರದ ಪ್ರತೀನೂ ನನ್ ಕೈಯಾಗ ಐತ್ರಿ,” ಎಂದು ಫೋನ್ ಇಟ್ಟ.

ಕೊನೆಯ ವಾದದ ದಿನ ವಕೀಲರ ಜೊತೆ ನಾನೂ ಹೋದೆ. ವಕೀಲರು ಹತ್ತು ನಿಮಿಷದಲ್ಲಿ ಮುಗಿಸಿದರು: ದೂರುದಾರರು ನಂಬರು ಬರೆದಿದ್ದಾರೆ, ನಂಬರು ಎಲ್ಲಿದೆ? ಪೀಠದ ಯಾದಿಯಲ್ಲಿಲ್ಲ, ವರದಿಯಲ್ಲಿಲ್ಲ, ಉಳಿದ ತುಂಡಿನ ಮೇಲಿಲ್ಲ. ಯಾರದೋ ಪಟ್ಟಿಗೆ ನಾವು ಹೇಗೆ ಹೊಣೆ?

ಅವನ ಸರದಿ ಬಂತು. ಎದ್ದು ನಿಲ್ಲಲು ಎರಡು ಸಲ ಯತ್ನಿಸಿ, ಬೆಂಚು ಹಿಡಿದು ನಿಂತ. ಗಾಬರಿಯೇನೂ ಇರಲಿಲ್ಲ ಅವನಿಗೆ. ನಂಬರು ಇತ್ತು ಸಾಹೇಬ್, ನಾನೊಬ್ಬನೇ ನೋಡಿದ್ದಲ್ಲ, ನನ್ನ ಕನ್ನಡಿಯಲ್ಲಿ ಈ ಅಣ್ಣನೂ ನೋಡಿದ್ದಾರೆ, ಅವರನ್ನೇ ಕೇಳಿ ಎಂದ. ಎದುರು ಪಕ್ಷದ ಗುಮಾಸ್ತನನ್ನು ತನ್ನ ಸಾಕ್ಷಿಯೆಂದು ತೋರಿಸಿದ ಕಕ್ಷಿದಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಹಿಂದೆ ಕೂತ ಬೇರೆ ವಕೀಲರು ನಕ್ಕರು.

ನಮ್ಮ ವಕೀಲರು ಎದ್ದು, ಅವನು ನನ್ನ ಗುಮಾಸ್ತ, ಸಾಕ್ಷಿಯಲ್ಲ ಎಂದರು. ಪೀಠದ ಅಧ್ಯಕ್ಷರು ವಯಸ್ಸಾದವರು. ಗೊತ್ತು, ಸುಮ್ಮನೆ ಕೇಳುತ್ತೇನೆ ಎಂದು ನನ್ನ ಕಡೆ ತಿರುಗಿದರು.

“ಕಟ್ಟುವಾಗ ನೀನಿದ್ದೆಯಲ್ಲ. ಗುರುತೇನಾದರೂ ಕಂಡಿತ್ತೇನಪ್ಪ?”

ನಮ್ಮ ಕಸುಬಿನಲ್ಲಿ ಇಂಥ ಪ್ರಶ್ನೆಗೆ ಮೂರು ಉತ್ತರಗಳಿವೆ. ಕಂಡಿತ್ತು ಎಂದರೆ ಕೇಸು ಹೋಗುತ್ತದೆ. ಕಾಣಲಿಲ್ಲ ಎಂದರೆ ಮುಂದೆ ಎಂದಾದರೂ ಸುಳ್ಳೆಂದು ಸಿಕ್ಕಿಬೀಳಬಹುದು. ಮೂರನೆಯದಕ್ಕೆ ಯಾವ ಅಪಾಯವೂ ಇಲ್ಲ. ಸಾಕ್ಷಿಗಳಿಗೆ ಅದನ್ನು ವರಾಂಡದಲ್ಲಿ ನಿಂತು ಕಲಿಸುತ್ತಿದ್ದವನೇ ನಾನು.

“ಗಮನಿಸಲಿಲ್ಲ ಸಾಹೇಬ್,” ಎಂದೆ.

ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಹಾಗೆಂದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ವಯಸ್ಸಿನಲ್ಲೂ ನನಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಅಂದು ಬೆಳಿಗ್ಗೆ ರೈಲಿನಲ್ಲಿ ವಕೀಲರು, ಆ ಪತ್ರವನ್ನು ತಾವೇ ಬರೆದಿದ್ದರೂ ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ ಎಂದಿದ್ದರು. ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಅಧ್ಯಕ್ಷರು ಬರೆದುಕೊಂಡರು. ದೂರು ವಜಾ ಆಯಿತು. ಹೊರಗೆ ಮೆಟ್ಟಿಲ ಬಳಿ ಅವನು ನನಗಾಗಿ ನಿಂತಿದ್ದ. ಬೈಯುತ್ತಾನೆ ಎಂದುಕೊಂಡೆ.

“ಕಣ್ಣು ತೋರಿಸಿಕೊಳ್ಳಿ ಅಣ್ಣಾ,” ಎಂದ. “ನಮ್ಮ ಕಸುಬಿನವರಿಗೆ ನಲವತ್ತಕ್ಕೇ ಹೋಗುತ್ತದೆ. ನಿಮಗೂ ಹೋಗಿರಬೇಕು.”

ಚುಚ್ಚಿ ಹೇಳಿದನೋ, ನಂಬಿ ಹೇಳಿದನೋ ತಿಳಿಯಲಿಲ್ಲ. ಮೆಟ್ಟಿಲನ್ನು ಒಂದೊಂದಾಗಿ, ಪಕ್ಕಕ್ಕೆ ತಿರುಗಿ ಇಳಿದ. ಹೆಂಡತಿ ಕೆಳಗೆ ನಿಂತಿದ್ದಳು, ನನ್ನ ಕಡೆ ನೋಡಲಿಲ್ಲ.

ಮೇಲ್ಮನವಿಗೆ ಮೂವತ್ತು ದಿನ ಸಮಯವಿತ್ತು. ಮೇಲ್ಮನವಿ ಕೇಳುವ ಕಚೇರಿ ಅಹಮದಾಬಾದಿನಲ್ಲಿ, ನಾನು ದಿನವೂ ಹೋಗುವ ಜಾಗ. ಒಂದು ಪ್ರಮಾಣಪತ್ರ ಬರೆದು ಅವನಿಗೆ ಅಂಚೆಯಲ್ಲಿ ಕಳಿಸಿದ್ದರೆ ಸಾಕಿತ್ತು. ನಾನು ದಿನವೂ ಅಲ್ಲಿನ ಹೊಸ ಅರ್ಜಿಗಳ ಹಲಗೆ ನೋಡುತ್ತಿದ್ದೆ, ಅವನ ಹೆಸರು ಬಂದಿದೆಯೇ ಎಂದು. ಬರದಿದ್ದಾಗ ಬೇಸರವಾಗುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಮೂವತ್ತೊಂದನೆಯ ದಿನ ಕಡತಕ್ಕೆ ಕೆಂಪು ದಾರ ಕಟ್ಟಿ ಅಟ್ಟಕ್ಕೆ ಹಾಕಿದೆ.

ಎರಡು ವರ್ಷದ ಮೇಲೆ ಬೇರೆ ಕೇಸಿಗೆ ಸೂರತ್ತಿಗೆ ಹೋದಾಗ ಸ್ಟೇಷನ್ನಿನಲ್ಲಿ ಇಂಜಿನಿಯರ್ ಸಿಕ್ಕಿದ. ವಡೋದರಾ ಬಿಟ್ಟು ಸೂರತ್ತಿನ ಹತ್ತಿರದ ಹಜೀರಾದ ಕಾರ್ಖಾನೆಯೊಂದಕ್ಕೆ ಸೇರಿದ್ದ. ಕಂಡೂ ಕಾಣದಂತೆ ಹೋಗಲು ನೋಡಿದೆ, ಅವನೇ ಅಡ್ಡ ಬಂದ. ಚಹಾ ಎನ್ನಲಿಲ್ಲ, ಕಾಕಾ ಎನ್ನಲಿಲ್ಲ.

“ಆ ಮನಷ್ಯಾ ಈಗ ಇಲ್ಲೇ ಸೂರತ್ತಿನ ಕತಾರ್‌ಗಾಮ್‌ನ್ಯಾಗ ಅದಾನ್ರಿ. ನಾ ಹೋಗಿ ನನ್ ಪಾಲಿಂದು ಹೇಳಿ ಬಂದೆ, ರಿಜಿಸ್ಟರಿಂದು. ಪತ್ರ ಯಾರು ಬರದ್ರು ಅಂತ ಹೇಳ್ಲಿಲ್ಲ. ಅದನ್ನ ನೀವ ಹೇಳ್ರಿ.” ಚೀಟಿಯಲ್ಲಿ ವಿಳಾಸ ಬರೆದು ನನ್ನ ಜೇಬಿಗೆ ತುರುಕಿದ.

ಚೀಟಿ ಮೂರು ವಾರ ಜೇಬಿನಲ್ಲೇ ಇತ್ತು. ಆಮೇಲೆ ಒಂದು ಭಾನುವಾರ ಹೋದೆ. ಒಂದೇ ಕೋಣೆಯ ಮನೆ, ಹಿಂದೆ ಸಣ್ಣ ಅಡಿಗೆಮನೆ, ನಡುವೆ ಒಂದು ಪರದೆ. ಅವನು ಕುರ್ಚಿಯ ಮೇಲೆ ಕೂತು, ಚಾಚಿದ ಕಾಲಿನ ಮೇಲೆ ಸೀರೆ ಹರಡಿಕೊಂಡು ಅಂಟಿನಿಂದ ಹೊಳೆಯುವ ಟಿಕ್ಕಿ ಹಚ್ಚುತ್ತಿದ್ದ. ಆಪರೇಷನ್ ಆಗಲಿಲ್ಲ, ಹೇಳಿದ ಸಮಯ ದಾಟಿತು, ಇನ್ನು ಮಡಚುವುದಿಲ್ಲ ಎಂದ. ಕೇಳುವ ಮೊದಲೇ ಎಲ್ಲ ಹೇಳಿ ಮುಗಿಸಿದ, ಬಂದ ನೆಂಟರಿಗೆಲ್ಲ ಹೇಳಿ ಅಭ್ಯಾಸವಾದವನಂತೆ. ಹೆಂಡತಿ ಒಳಗೆ ಚಹಾಕ್ಕೆ ಇಟ್ಟಳು. ಪಾತ್ರೆಯ ಸದ್ದು, ಶುಂಠಿ ಜಜ್ಜುವ ಸದ್ದು ಕೇಳುತ್ತಿತ್ತು.

ನಾನು ತಗ್ಗಿದ ದನಿಯಲ್ಲಿ ಹೇಳಿದೆ. ನಂಬರು ನೋಡಿದ್ದೆ. ಯಾದಿಯಲ್ಲಿ ಬೇಕೆಂದೇ ಬಿಟ್ಟೆ. ಗಿಡ್ಡ ತುಂಡನ್ನು ತೇಯಿಸಲು ಬರೆದವನು ನಾನು. ಪೀಠದ ಮುಂದೆ ಸುಳ್ಳು ಹೇಳಿದೆ. ಅವನ ಕೈ ನಿಲ್ಲಲಿಲ್ಲ. ಒಂದು ಟಿಕ್ಕಿ, ಇನ್ನೊಂದು ಟಿಕ್ಕಿ. ಸಾಲು ಮುಗಿದ ಮೇಲೆ ತಲೆ ಎತ್ತಿದ.

“ಜೋರಾಗಿ ಹೇಳಿ,” ಎಂದ.

ನನಗೆ ಅರ್ಥವಾಗಲಿಲ್ಲ.

“ಅಡಿಗೆಮನೆಗೆ ಕೇಳುವಂತೆ ಹೇಳಿ. ಕೊಡಬೇಡ ಅಂದೆ, ನೀನು ಮೂರ್ಖ, ಕೈಯಾರೆ ಕೊಟ್ಟೆ ಅಂತ ಅವಳು ದಿನಾ ಅನ್ನುತ್ತಾಳೆ. ಅಣ್ಣ ಒಳ್ಳೆಯವರು, ಅವರಿಗೆ ಕಣ್ಣು ಕಾಣಲಿಲ್ಲ ಅಷ್ಟೇ ಅಂತ ನಾನು ಅನ್ನುತ್ತೇನೆ. ಈ ಮನೆಯಲ್ಲಿ ಬೇರೆ ಜಗಳವೇ ಇಲ್ಲ. ಹೇಳಿ, ಯಾರು ಸರಿ?”

ಎರಡನೆಯ ಸಲ ಹೇಳುವುದು ಮೊದಲ ಸಲದ್ದಕ್ಕಿಂತ ಎಷ್ಟು ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ಪಿಸುಮಾತಿನಲ್ಲಿ ಅದು ಪಶ್ಚಾತ್ತಾಪದಂತೆ ಕೇಳಿಸಿತ್ತು. ಕೂಗಿ ಹೇಳಿದಾಗ ಬರೀ ನಾನು ಮಾಡಿದ್ದು ಮಾತ್ರ ಉಳಿಯಿತು. ಅರ್ಧಕ್ಕೆ ದನಿ ಇಳಿದಾಗ ಅವನು ಬೆರಳೆತ್ತಿ ಇನ್ನೂ ಜೋರಾಗಿ ಎಂದು ಸನ್ನೆ ಮಾಡಿದ. ಶುಂಠಿ ಜಜ್ಜುವ ಸದ್ದು ನಿಂತಿತ್ತು.

“ಬೆನ್ ಹೇಳಿದ್ದೇ ಸರಿ,” ಎಂದು ಮುಗಿಸಿದೆ.

ಪರದೆ ಸರಿಸಿ ಅವಳು ಬಂದಳು. ತಟ್ಟೆಯಲ್ಲಿ ಎರಡು ಲೋಟವಿತ್ತು. ಒಂದನ್ನು ಗಂಡನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನೇ ಹಿಡಿದು ಅವನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ, ಕಾಲು ಮಡಚಿ ಕೂತಳು. ಆ ಕಡೆಯ ಮನೆಗಳಲ್ಲಿ ವೈರಿ ಬಂದರೂ ಚಹಾ ಕೊಡದೆ ಕಳಿಸುವುದಿಲ್ಲ. ಇಬ್ಬರೂ ಸಾವಕಾಶವಾಗಿ ಕುಡಿದರು. ನಾನು ಎದುರಿಗೆ ಕೂತೇ ಇದ್ದೆ. ಏಳಿ ಎಂದು ಕೂಡ ಯಾರೂ ಹೇಳಲಿಲ್ಲ.